ಥರ್ಮಾಕೋಲಿನ ಕಾಡು, ಹಿತ್ತಿಲ ಕಾಡು

ಮಲೆನಾಡಿನ ಹಳ್ಳಿಯೊಂದರಲ್ಲಿ ಕಳೆದ ಮಳೆಗಾಲದಲ್ಲಿ ಕಂಡ ದೃಶ್ಯವಿದು. ಐದು ವರ್ಷದ ಹುಡುಗಿಯೊಬ್ಬಳಿಗೆ ಪೇಟೆಯ ಶಾಲೆಯಿಂದ ‘ಮನೆಯಲ್ಲಿ ಆಡಿ ಕಲಿ’ ಎಂಬ ಹೆಸರಿನಲ್ಲಿ ಒಂದು ಕೆಲಸ ಬಂದಿತ್ತು. ಕಾಡಿನ ಮಾದರಿಯೊಂದನ್ನು ಮಾಡಿ ತರಬೇಕು. ತಂದೆ ಇಪ್ಪತ್ತು ಕಿಲೋಮೀಟರ್ ದೂರ ಬೈಕಿನಲ್ಲಿ ಹೋಗಿ ಥರ್ಮಾಕೋಲ್ ಹಾಳೆ, ಹಸಿರು ಸ್ಪಂಜು, ಮಿನುಗುಪುಡಿ ಮತ್ತು ಒಂದು ಪೊಟ್ಟಣ ಪ್ಲಾಸ್ಟಿಕ್ ಪ್ರಾಣಿಗಳನ್ನು ಕೊಂಡು ತಂದರು. ರಾತ್ರಿ ಹನ್ನೊಂದರವರೆಗೆ ತಾಯಿ ಕತ್ತರಿಸಿದರು, ಅಂಟಿಸಿದರು. ಮಗು ಎಂಟು ಗಂಟೆಗೇ ನಿದ್ರೆ ಹೋಗಿತ್ತು. ಬೆಳಿಗ್ಗೆ ಸಿಂಹ, ಜಿರಾಫೆ, ಜೀಬ್ರಾಗಳಿದ್ದ ಆ ಕಾಡು ವ್ಯಾನು ಹತ್ತಿತು. ಅದೇ ಹೊತ್ತಿಗೆ ಮನೆಯ ಹಿಂದಿನ ಬೆಟ್ಟದಲ್ಲಿ ಕೆಂಜಳಿಲೊಂದು ಹಲಸಿನ ಕೊಂಬೆಯ ಮೇಲೆ ಕುಳಿತು ಕೂಗುತ್ತಿತ್ತು. ಮಗುವಿಗೆ ಅದರ ಹೆಸರು ತಿಳಿದಿರಲಿಲ್ಲ. ಜಿರಾಫೆಯ ಹೆಸರು ತಿಳಿದಿತ್ತು.

ಆ ತಂದೆ ತಾಯಿಯರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ತಮ್ಮ ಮಗು ಹಿಂದುಳಿಯಬಾರದೆಂಬ ಆತಂಕದಿಂದಲೇ ಅವರು ಹಾಗೆ ಮಾಡಿದರು. ಆದರೆ ಆ ರಾತ್ರಿ ಆಡಿದವರು ಯಾರು, ಕಲಿತವರು ಯಾರು ಎಂದು ಕೇಳದೆ ಇರುವಂತಿಲ್ಲ. ಮಗು ಆಡಲೂ ಇಲ್ಲ, ಕಲಿಯಲೂ ಇಲ್ಲ. ಅಂಗಡಿಯವನಿಗೆ ಲಾಭವಾಯಿತು, ತಾಯಿಗೆ ನಿದ್ರೆ ಹೋಯಿತು, ನಮ್ಮ ಊರಿನ ಹಳ್ಳಕ್ಕೆ ಇನ್ನಷ್ಟು ಕಸ ಸೇರಿತು. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಪ್ಲಾಸ್ಟಿಕ್‌ನಿಂದ ಮಾಡಿದ ಸಡಿಲ ಮಿನುಗುಪುಡಿಯ ಮಾರಾಟವನ್ನು ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ತಡೆಯಿತು. ನಾವಾದರೋ ಪರಿಸರದ ಪಾಠಕ್ಕೆಂದೇ ಅವನ್ನು ಮನೆಗೆ ತರುತ್ತಿದ್ದೇವೆ!

ಎಳೆಯ ಮಕ್ಕಳು ಮನೆಯಲ್ಲಿ ಆಡುತ್ತ ಕಲಿಯಬೇಕೆಂಬ ಮಾತಿಗೆ ನಮ್ಮ ಸಂಪೂರ್ಣ ಸಹಮತವಿದೆ. ಆ ಮಾತು ಹೊಸದೂ ಅಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ್ದು ಇದೇ ನಂಬಿಕೆಯಿಂದ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ನಡೆಸಿದ ಪ್ರಯೋಗಗಳ ಹಿಂದೆ ಇದ್ದುದೂ ಇದೇ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟವನ್ನೇ ಕಲಿಕೆಯ ಆಧಾರವೆಂದು ಒಪ್ಪಿದೆ. ಆರು ವರ್ಷದೊಳಗಿನವರಿಗೆ ಪಠ್ಯಪುಸ್ತಕವೇ ಬೇಡವೆಂದು ಹೇಳಿದೆ. ಹೀಗಿದ್ದೂ ನಮ್ಮ ಹಳ್ಳಿಗಳಲ್ಲಿ ಮೂರು ವರ್ಷದ ಕೂಸು ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತ ವ್ಯಾನಿನಲ್ಲಿ ಪೇಟೆಗೆ ಹೋಗುತ್ತದೆ. ಸಂಜೆ ಮರಳಿ ಬಂದು ಅಕ್ಷರ ತಿದ್ದುವ ಹಾಳೆಗಳನ್ನು ತುಂಬಿಸುತ್ತದೆ. ಉಳಿದ ಹೊತ್ತಿಗೆ ಅದರ ಕೈಗೆ ಮೊಬೈಲ್ ಬರುತ್ತದೆ. ಅದರಲ್ಲಿಯೂ ‘ಆಟದ ಮೂಲಕ ಕಲಿಕೆ’ ಎಂದೇ ಬರೆದಿರುತ್ತದೆ.

ಮೂರು ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಆ ಕೈಗೆ ಬೇಕಾದುದು ಹಿಡಿಯುವ, ಹಿಚುಕುವ, ಹೆಣೆಯುವ, ಎತ್ತುವ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು. ಮೂರು ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈಚಲಿಸಿ ಆಡಬೇಕು. ಮೂರು ಗಂಟೆಗಳ ಆ ಓಡಾಟಕ್ಕೆ ಅಂಗಳಕ್ಕಿಂತ ಮಿಗಿಲಾದ ಸ್ಥಳ ಯಾವುದಿದೆ?

ನಮ್ಮ ಮನೆಗಳಲ್ಲಿ ಏನಿದೆ ಎಂಬುದನ್ನು ಒಮ್ಮೆ ಕಣ್ತೆರೆದು ನೋಡೋಣ.

ಅಟ್ಟದ ಮೇಲೆ ಧೂಳು ಹಿಡಿದಿರುವ ಅಳಗುಳಿ ಮಣೆಯನ್ನು ಕೆಳಗಿಳಿಸಿ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ ಹುಣಿಸೆ ಬೀಜ ತುಂಬಿದರೆ 56. ಇಬ್ಬರಿಗೆ ಸಮಪಾಲು ಮಾಡಿದರೆ ತಲಾ 28. ಐದು ವರ್ಷದ ಮಗುವಿಗೆ ಈ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ. ಗುಳಿಗೊಂದರಂತೆ ಬೀಜ ಬಿಡುತ್ತ ಹೋದಾಗ ಒಂದು ಸಂಖ್ಯೆಗೆ ಒಂದು ವಸ್ತು ಎಂಬ ಗಣಿತದ ಮೊದಲ ಪಾಠ ಬೆರಳಿನ ಮೂಲಕವೇ ಒಳಗಿಳಿಯುತ್ತದೆ. ಇನ್ನೆರಡು ಗುಳಿ ದಾಟಿದರೆ ಏನಾದೀತು ಎಂದು ಅಜ್ಜಿಯ ಮುಖ ನೋಡುತ್ತ ಯೋಚಿಸುವ ಮಗು ಮುಂದಾಲೋಚನೆಯನ್ನೂ ಕಲಿಯುತ್ತಿರುತ್ತದೆ.

ಕಡುಬಿನ ದಿನ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಕಟ್ಟಿದ ಕೊಟ್ಟೆ ಸೋರಲಿ, ಓರೆಯಾಗಲಿ. ಆ ಬೆರಳುಗಳು ಮುಂದೆ ಪೆನ್ಸಿಲ್ ಹಿಡಿಯಲು ಅಲ್ಲಿಯೇ ಸಿದ್ಧವಾಗುತ್ತವೆ. ಕೊಯ್ಲಿನ ಕಾಲದಲ್ಲಿ ಹಣ್ಣಡಿಕೆಯನ್ನೂ ಹಸಿರಡಿಕೆಯನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಿಸಿ. ಬಣ್ಣ, ಗಾತ್ರ, ತೂಕಗಳ ಭೇದವನ್ನು ತಿಳಿಯಲು ದುಡ್ಡು ಕೊಟ್ಟು ಪ್ಲಾಸ್ಟಿಕ್ ಚೆಂಡುಗಳನ್ನು ತರಬೇಕಾದ ಅಗತ್ಯವೇನಿದೆ?

ತಂಬುಳಿಗೆ ಸೊಪ್ಪು ಕೊಯ್ಯುವಾಗ ಕಣ್ಣಿಗೆ ಬಟ್ಟೆ ಕಟ್ಟಿ ಮೂಸಿ ಹೇಳುವ ಆಟವಾಡಿ. ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಕರಿಬೇವು, ತುಳಸಿ. ಮೊದಲ ವಾರ ಎರಡು, ಮುಂದಿನ ವಾರ ಮೂರು. ಮುಟ್ಟಿದರೆ ಮುನಿಯ ಎಲೆಯನ್ನು ಮುಟ್ಟಿಸಿ, ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಎಣಿಸಲು ಹೇಳಿ; ನೂರು ದಾಟಿದರೂ ಮಗು ಬೇಸರಿಸದು.

ಮಳೆಗಾಲದಲ್ಲಿ ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮಾಡಿನ ನೀರು ಬೀಳದಂತೆ ಅಂಗಳದ ನಡುವೆ ಇಡಿ. ಬೆಳಿಗ್ಗೆ ಮಗು ಕಡ್ಡಿಯೊಂದನ್ನು ಅದ್ದಿ, ಒದ್ದೆಯಾದಷ್ಟು ಉದ್ದಕ್ಕೆ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಲಿ. ಮಹಾನಕ್ಷತ್ರವೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಊರಿನ ಮಳೆಯ ಚರಿತ್ರೆಯೇ ಮೂಡಿರುತ್ತದೆ. ಅಕ್ಕನಿಗೋ ಅಣ್ಣನಿಗೋ ಮುಂದಿನ ಪಾಠವೂ ಅಲ್ಲಿದೆ: ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇಷ್ಟು ನೀರು ಸುರಿದರೂ ಬೇಸಿಗೆಯಲ್ಲಿ ಬಾವಿ ಏಕೆ ಬತ್ತುತ್ತದೆ ಎಂದು ಆ ಮಗು ಒಂದು ದಿನ ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲು ನಾವು ಸಿದ್ಧರಿರಬೇಕು.

ಎಚ್ಚರಿಕೆಯ ಮಾತುಗಳೂ ಅಷ್ಟೇ ಮುಖ್ಯ. ಮೂರು ವರ್ಷದೊಳಗಿನವರ ಕೈಗೆ ಬೀಜ, ಕಾಳುಗಳನ್ನು ಕೊಡಬಾರದು. ಗಂಟಲಿನಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಎಳೆಯರ ಆಟಕ್ಕೆ ಬೇಡ. ಅಗಿದು ನುಂಗಿದರೆ ಅದು ಕಡುವಿಷ. ಕೆರೆ, ಹಳ್ಳಗಳ ಬಳಿಗೆ ದೊಡ್ಡವರಿಲ್ಲದೆ ಕಳಿಸಬಾರದು. ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಮಕ್ಕಳು ಅತ್ತ ಸುಳಿಯಬಾರದು. ಇಲ್ಲಿಯೇ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಹುಲ್ಲು ಕೀಳಲು ಆಳು ಸಿಗುವುದಿಲ್ಲವೆಂದು ಅಂಗಳಕ್ಕೂ ದಾರಿಗೂ ಕಳೆನಾಶಕ ಹೊಡೆದು, ಆಮೇಲೆ ‘ಮಣ್ಣಿಗೆ ಇಳಿಯಬೇಡ’ ಎಂದು ಮಗುವನ್ನು ಗದರುವ ನಾವು ಅದರ ಮೊದಲ ಪಾಠಶಾಲೆಗೇ ವಿಷ ಹಾಕುತ್ತಿಲ್ಲವೇ?

ಆಕ್ಷೇಪಗಳು ಬಂದೇ ಬರುತ್ತವೆ. ಇಂಗ್ಲಿಷ್ ಬಾರದಿದ್ದರೆ ನಮ್ಮ ಮಕ್ಕಳು ಹೊಟ್ಟೆ ಹೊರೆಯುವುದು ಹೇಗೆ ಎನ್ನುತ್ತಾರೆ ಕೆಲವರು. ಇಂಗ್ಲಿಷ್ ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಅಕ್ಷರ ಯಾವುದೇ ಆಗಲಿ, ಅಂಟಿಕೊಳ್ಳಲು ಅದಕ್ಕೆ ಮಗುವಿನಲ್ಲಿ ಮೊದಲೇ ಇರುವ ಮಾತು ಬೇಕು, ಅನುಭವ ಬೇಕು. ಮನೆಮಾತಿನಲ್ಲಿ ನೂರು ಗಿಡಗಳ ಹೆಸರು ಹೇಳಬಲ್ಲ, ಕಂಡದ್ದನ್ನು ಕತೆ ಮಾಡಿ ವಿವರಿಸಬಲ್ಲ ಮಗು ಇನ್ನೊಂದು ಭಾಷೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಬೆಳಗಾಗುತ್ತಲೇ ಕಾಫಿ ತೋಟಕ್ಕೋ ಅಡಿಕೆ ಸುಲಿಯಲೋ ಕೂಲಿಗೆ ಹೋಗುವ ತಾಯಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ? ಈ ಮಾತನ್ನು ನಾವು ತಲೆಬಾಗಿ ಒಪ್ಪುತ್ತೇವೆ. ‘ಮನೆಯ ಕಲಿಕೆ’ ಎಂಬ ಹೆಸರಿನಲ್ಲಿ ಹೆಂಗಸರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ಅನ್ಯಾಯ. ಆದುದರಿಂದಲೇ ಮಾಡುವ ಕೆಲಸದ ನಡುವೆಯೇ ಆಗುವಂಥ ಕಲಿಕೆಯನ್ನು ಇಲ್ಲಿ ಹೇಳಿದ್ದೇವೆ. ಗಂಡಸರು ಜಗಲಿಯಲ್ಲಿ ಕವಳ ಹಾಕುತ್ತ ಕೂರುವ ಅರ್ಧ ಗಂಟೆ ಅಳಗುಳಿಗೆ ಧಾರಾಳವಾಗಿ ಸಾಕು. ಕೂಲಿಕಾರರ ಮಕ್ಕಳಿಗೆ ಅಂಗನವಾಡಿಯೇ ಎರಡನೆಯ ಮನೆ. 1975ರಲ್ಲಿ ಆರಂಭವಾದ ಆ ವ್ಯವಸ್ಥೆಯನ್ನು ಉಳ್ಳವರೆಲ್ಲ ತೊರೆದು ಮಕ್ಕಳನ್ನು ವ್ಯಾನು ಹತ್ತಿಸಿದರೆ, ಅದರ ಮಾಡು ಸೋರಿದಾಗ ಪಂಚಾಯಿತಿಯಲ್ಲಿ ಕೇಳುವವರು ಯಾರು?

ಇದು ಹಳೆಯ ಕಾಲದ ಹಂಬಲವೆಂದು ಹೇಳುವವರಿಗೂ ಒಂದು ಮಾತು. ಹಳೆಯ ಅಂಗಳದಲ್ಲಿ ಎಲ್ಲರ ಮಕ್ಕಳಿಗೂ ಜಾಗವಿರಲಿಲ್ಲವೆಂಬುದನ್ನು ನಾವು ಬಲ್ಲೆವು. ಹೆಣ್ಣುಮಗುವಿನ ಆಟ ಏಳು ವರ್ಷಕ್ಕೇ ದುಡಿಮೆಯಾಗುತ್ತಿತ್ತೆಂಬುದನ್ನೂ ಬಲ್ಲೆವು. ಆ ಅಂಗಳ ಮರಳಿ ಬರಬೇಕಾಗಿಲ್ಲ. ಕೇರಿಯ ಮಗುವೂ ಯಜಮಾನರ ಮಗುವೂ ಒಂದೇ ಮಣೆಯ ಎರಡು ಬದಿಗೆ ಕೂರುವ ಅಂಗಳ ನಮಗೆ ಬೇಕು.

ನಮ್ಮ ಚಳವಳಿಯ ಮೇಲೂ ಒಂದು ದೂರಿದೆ. ಪ್ರತಿ ವರ್ಷ ಜೂನ್ 5ರಂದು ಮಕ್ಕಳಿಗೆ ಚಿತ್ರಸ್ಪರ್ಧೆ ಏರ್ಪಡಿಸುತ್ತೇವೆ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಉಂಡೆಯಂಥ ಒಂದು ಮರ. ಬಹುಮಾನವನ್ನೂ ಕೊಡುತ್ತೇವೆ. ಆ ಮರ ಯಾವುದೆಂದು ಎಂದಾದರೂ ಕೇಳಿದ್ದೇವೆಯೇ? 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಅವರಿಗೆ ಆ ಮರಗಳ ಹೆಸರು, ಉಪಯೋಗ, ಹೂ ಬಿಡುವ ಕಾಲ ತಿಳಿದಿದ್ದವು. ಹೆಸರಿಲ್ಲದ ಹಸಿರನ್ನು ಯಾರೂ ಅಪ್ಪಿಕೊಳ್ಳುವುದಿಲ್ಲ. ಇಂದು ಐದು ವರ್ಷದವಳು ಇಪ್ಪತ್ತು ವರ್ಷಗಳ ನಂತರ ಗ್ರಾಮಸಭೆಯಲ್ಲಿ ಕುಳಿತಿರುತ್ತಾಳೆ. ಯಾವುದೋ ಯೋಜನೆಯ ಕಡತ ಹಿಡಿದ ಅಧಿಕಾರಿ ‘ಈ ಬೆಟ್ಟದಲ್ಲಿ ಅಂಥದ್ದೇನಿದೆ?’ ಎಂದು ಕೇಳಿದರೆ ಅವಳು ಜಿರಾಫೆಯ ಹೆಸರು ಹೇಳಬೇಕೇ?

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ವಿನಂತಿ ಇದು. ರಜೆಗೆ ಊರಿಗೆ ಬಂದಾಗ ಅಜ್ಜ ಅಜ್ಜಿಯರಿಂದ ಹತ್ತು ಆಟ, ಹತ್ತು ಒಗಟು, ಹಿತ್ತಿಲ ಇಪ್ಪತ್ತು ಗಿಡಗಳ ಹೆಸರು ಕೇಳಿ ಬರೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಅದರಲ್ಲಿ ಆ ಹೆಸರುಗಳಿವೆಯೇ ಎಂದು ನೋಡಿ. ವಾರಕ್ಕೊಂದು ದಿನ ಅಂಗನವಾಡಿಗೆ ಹೋಗಿ ಅಲ್ಲಿನ ಮಕ್ಕಳೊಡನೆ ಆ ಆಟಗಳನ್ನು ಆಡಿ. ತಂದೆ ತಾಯಿಯರೇ, ಮುಂದಿನ ಸಲ ಶಾಲೆಯಿಂದ ಕಾಡಿನ ಮಾದರಿ ಬೇಕೆಂದು ಚೀಟಿ ಬಂದರೆ ಪೇಟೆಗೆ ಹೋಗಬೇಡಿ. ಮಗುವಿನ ಕೈ ಹಿಡಿದು ಹಿತ್ತಿಲು ದಾಟಿ ಬೆಟ್ಟ ಹತ್ತಿ. ಉದುರಿದ ಐದು ಬಗೆಯ ಎಲೆಗಳನ್ನು ಮಗುವೇ ಆರಿಸಲಿ, ಹೆಸರನ್ನು ನೀವು ಹೇಳಿ. ನಿಮಗೆ ತಿಳಿಯದಿದ್ದರೆ ನೆರೆಮನೆಯ ಅಜ್ಜಿಯನ್ನು ಕೇಳಿ. ಆ ಐದು ಎಲೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಶಾಲೆಗೆ ಕಳಿಸಿ.

ಶಾಲೆಯವರು ಬೇಡವೆಂದರೆ, ಏಕೆ ಬೇಡವೆಂದು ಕೇಳಲು ನಾವೂ ನಿಮ್ಮೊಡನೆ ಬರುತ್ತೇವೆ.