ಸುಗಂಧದ ಡಬ್ಬಿ: ಮುಚ್ಚಳಕ್ಕಿಂತ ಕವಾಟ ಮುಖ್ಯ

ಡಿಯೋಡರೆಂಟ್ ಡಬ್ಬಿಯ ಸೋರಿಕೆಯನ್ನು ಮುಚ್ಚಳ ತಡೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಮುಚ್ಚಳವು ಗುಂಡಿ ಅಕಸ್ಮಾತ್ ಒತ್ತಿಹೋಗದಂತೆ ಕಾಯುತ್ತದೆ, ಅಷ್ಟೆ. ಅನಿಲವನ್ನು ಹಿಡಿದಿಡುವುದು ಕವಾಟ, ಅದರ ಸ್ಪ್ರಿಂಗ್ ಮತ್ತು ರಬ್ಬರ್ ಬಿಲ್ಲೆ.

ಅಮೆರಿಕದ ರಾಬರ್ಟ್ ಅಬ್‌ಪ್ಲಾನಾಲ್ಪ್ ತಮ್ಮ ಕವಾಟಕ್ಕೆ 1953ರಲ್ಲಿ ಪೇಟೆಂಟ್ ಪಡೆದಾಗ ಬಳಕೆಯಲ್ಲಿದ್ದುದು ಬಹುಪಾಲು ಬೆಂಕಿ ಹತ್ತದ ಕ್ಲೋರೋಫ್ಲೋರೋಕಾರ್ಬನ್. ಓಝೋನ್ ಪದರದ ರಕ್ಷಣೆಗಾಗಿ 1987ರ ಮಾಂಟ್ರಿಯಲ್ ಒಪ್ಪಂದವು ಅದನ್ನು ನಿಯಂತ್ರಿಸಿತು. ಆ ಸ್ಥಾನವನ್ನು ಹೆಚ್ಚಾಗಿ ತುಂಬಿದ್ದು ಬ್ಯೂಟೇನ್ ಮತ್ತು ಪ್ರೊಪೇನ್. ಅಡುಗೆ ಅನಿಲದಲ್ಲಿರುವುದೂ ಇವೇ. ಹೀಗಾಗಿ ಸೋರಿಕೆಯು ನಷ್ಟದ ಪ್ರಶ್ನೆಯಾಗಿ ಉಳಿಯದೆ ಸುರಕ್ಷತೆಯ ಪ್ರಶ್ನೆಯಾಗಿದೆ.

ತುಂಬಿದ ಡಬ್ಬಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದೇ ಎಂದು ಕಾರ್ಖಾನೆಯಲ್ಲಿ ಪರೀಕ್ಷಿಸುವುದುಂಟು. ಆದರೆ ಒಳಗಿನ ದ್ರಾವಕದಿಂದ ಬಿಲ್ಲೆ ಉಬ್ಬಿದರೆ ಅಥವಾ ಕುಗ್ಗಿದರೆ ತಿಂಗಳುಗಳ ಬಳಿಕವೂ ಸೋರಿಕೆ ತಲೆದೋರಬಹುದು. ಅಂದದ ಮುಚ್ಚಳಕ್ಕೆ ವೆಚ್ಚ ಮಾಡುವ ತಯಾರಕರು ಬಿಲ್ಲೆಯ ಆಯ್ಕೆಯಲ್ಲಿ ಜಿಪುಣತನ ತೋರುವುದು ತರವಲ್ಲ.