ಶಿಬಿರಗಳ ಸಂಭ್ರಮ ಸಾಕು

ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ನಡೆಸಿ, ರಕ್ತದೊತ್ತಡ ಅಳೆದು, ನಾಲ್ಕು ಗುಳಿಗೆ ಹಂಚಿ, ಅತಿಥಿಗಳಿಗೆ ಹಾರ ಹಾಕಿದರೆ ಸಮಾಜಸೇವೆ ಮುಗಿಯಿತೆಂದು ನಮ್ಮ ಸಂಘ-ಸಂಸ್ಥೆಗಳು ಭಾವಿಸಿರುವಂತಿದೆ. ಶಿಬಿರದ ಮರುದಿನ ಜ್ವರ ಬಂದವನು ಎಲ್ಲಿಗೆ ಹೋಗಬೇಕು?

ಮಹಾಪೆಯನ್ನೇ ನೋಡೋಣ. ಇಲ್ಲಿಯ ಕೈಗಾರಿಕಾ ವಲಯದ ಕ್ಯಾಂಟೀನು, ಹೋಟೆಲು, ಗುತ್ತಿಗೆ ಕೆಲಸಗಳಲ್ಲಿ ಕರಾವಳಿಯಿಂದಲೂ ಕಲಬುರಗಿ, ವಿಜಯಪುರದ ಕಡೆಯಿಂದಲೂ ಬಂದ ನಮ್ಮವರು ದುಡಿಯುತ್ತಾರೆ. ಕಾಯಿಲೆ ಬಿದ್ದರೆ ಸಾಲ ಮಾಡಿ ಖಾಸಗಿ ದವಾಖಾನೆಗೆ ಹೋಗಬೇಕು, ಇಲ್ಲವೇ ಊರಿನ ಬಸ್ಸು ಹತ್ತಬೇಕು. ಇವರಿಗೆ ಬೇಕಾದದ್ದು ದಾನವಲ್ಲ, 1948ರ ಕಾಯಿದೆಯಿಂದ ಬಂದ ಹಕ್ಕು: ಇ.ಎಸ್.ಐ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. 2017ರಲ್ಲಿ ನಿಗದಿಯಾದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈಯಲ್ಲಿ ಇಳಿಸಿದ ದರದಂತೆ, 15,000 ರೂಪಾಯಿ ಸಂಬಳದವನ ವಂತಿಗೆ 112 ರೂ. 50 ಪೈಸೆ, ಮಾಲೀಕನ ಪಾಲು 487 ರೂ. 50 ಪೈಸೆ. ಇಷ್ಟಕ್ಕೆ ಅವನಿಗೂ ಅವನ ಸಂಸಾರಕ್ಕೂ ಚಿಕಿತ್ಸೆ. ನಿಯಮದಂತೆ ವಂತಿಗೆ ಸಂದಿದ್ದರೆ ಕಾಯಿಲೆಯ ದಿನಗಳಲ್ಲಿ, ವರ್ಷಕ್ಕೆ 91 ದಿನಗಳವರೆಗೆ, ಸಂಬಳದ ನೂರಕ್ಕೆ ಎಪ್ಪತ್ತರಷ್ಟು ಹಣ. ಆಸ್ಪತ್ರೆ ಇಲ್ಲಿಗೆ ಹತ್ತಿರದ ವಾಶಿಯಲ್ಲೇ ಇದೆ. ಊರಲ್ಲಿರುವ ಹೆಂಡತಿ ಮಕ್ಕಳಿಗೆ ಕಲಬುರಗಿಯಲ್ಲೂ ಇ.ಎಸ್.ಐ. ಆಸ್ಪತ್ರೆಯಿದೆ.

ಹಾಗಿದ್ದರೆ ಅಡ್ಡಿ ಯಾರು? ಸರ್ಕಾರವೊಂದನ್ನೇ ದೂರಿ ಪ್ರಯೋಜನವಿಲ್ಲ. ಹದಿನೈದು ಜನರನ್ನು ದುಡಿಸಿ ರಿಜಿಸ್ಟರಿನಲ್ಲಿ ಎಂಟು ಹೆಸರು ಬರೆಯುವ ಮಾಲೀಕರು ನಮ್ಮಲ್ಲೂ ಇಲ್ಲವೆ? ರಾಜ್ಯೋತ್ಸವಕ್ಕೆ ಧಾರಾಳವಾಗಿ ದೇಣಿಗೆ ಕೊಡುವ ಕೈ, ತನ್ನ ಅಡುಗೆಮನೆಯ ಹುಡುಗನ ವಂತಿಗೆಗೆ ಬಿಗಿಯಾಗುವುದೇಕೆ? ಅವನೂ ಕನ್ನಡಿಗನಲ್ಲವೆ?

"ಹುಡುಗರು ನಿಲ್ಲುವುದಿಲ್ಲ, ಆರು ತಿಂಗಳಿಗೆ ಓಡಿಹೋಗುತ್ತಾರೆ" ಎನ್ನುತ್ತಾರೆ. ಓಡಲಿ! ಒಮ್ಮೆ ಬಂದ ವಿಮಾ ಸಂಖ್ಯೆ ಮುಂದಿನ ಕೆಲಸಕ್ಕೂ ಅವನ ಜೊತೆಗೇ ಹೋಗುತ್ತದೆ. "ಹೊಣೆ ಗುತ್ತಿಗೆದಾರನದು" ಎನ್ನುತ್ತಾರೆ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನೇ ಹೊಣೆ ಎನ್ನುತ್ತದೆ ಕಾನೂನು. "ಆ ಆಸ್ಪತ್ರೆಗಳಲ್ಲಿ ಏನಿದೆ?" ಎನ್ನುವವರೂ ಉಂಟು. ಕೊರತೆಯಿದ್ದರೆ ಕೇಳಿ ಪಡೆಯಬೇಕು. ಕಾರ್ಡೇ ಇಲ್ಲದವನು ಯಾವ ಬಾಯಿಂದ ಕೇಳಿಯಾನು?

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಮುಂಬಯಿಯಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿ ನಡೆಸಿದವರು ನಮ್ಮ ಹಿರಿಯರು. ಅವರು ವರ್ಷಕ್ಕೊಂದು ದಿನ ಪಾಠ ಹೇಳಿ ಫೋಟೋ ತೆಗೆಸಿಕೊಳ್ಳಲಿಲ್ಲ. ದಿನವೂ ದೀಪ ಹಚ್ಚಿದರು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಂಘಗಳು ವಾರಕ್ಕೊಂದು ಸಂಜೆ ಬಾಗಿಲು ತೆರೆದು ಕುಳಿತರೆ ಸಾಕು. ಅರ್ಜಿ ತುಂಬಲು, ಮರಾಠಿ-ಇಂಗ್ಲಿಷ್ ಕಾಗದ ಓದಿ ಹೇಳಲು, ಮೊದಲ ಸಲ ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ನಮ್ಮಲ್ಲಿ ನಿವೃತ್ತರಿಗೇನೂ ಬರವಿಲ್ಲ. ಮೊದಲಿಗೆ ಸಂಘದ ಪದಾಧಿಕಾರಿಗಳಲ್ಲಿ ಮಾಲೀಕರಾದವರು ತಮ್ಮ ಕೆಲಸಗಾರರ ಹೆಸರನ್ನು ನೋಂದಾಯಿಸಲಿ. ಹಾರ ಆಮೇಲೆ ಹಾಕೋಣ.