ಹೊಗಳಿಕಿ ಸಾಕು, ಪಾಳಿ ಹಂಚಿಕೋರಿ

ಅಂಗವಿಕಲ ಕೂಸಿನ ತಾಯಿಗೆ ಹೇಳಲಿಕ್ಕೆ ನಮ್ಮ ಹೆಂಗಸರು ಎರಡು ಮಾತು ತಯಾರ ಇಟ್ಟೀವಿ. ಒಂದು, ‘ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದೇನ?’ ಇನ್ನೊಂದು, ‘ನೀ ಖರೇನ ದೇವರಂಥಾಕಿ ಬಿಡವಾ, ನಮ್ಮ ಕೈಲೆ ಆಗ್ತಿರಲಿಲ್ಲ.’ ಮೊದಲನೇದು ಚುಚ್ಚುಮಾತು ಅಂತ ಎಲ್ಲಾರಿಗೂ ಗೊತ್ತದ. ಎರಡನೇದೂ ಅಷ್ಟ ಕೆಟ್ಟದ್ದು ಅಂತ ನಾ ಹೇಳ್ತೀನಿ.

ಗ್ರಹಣದ ಮಾತು ಬೇಗ ಮುಗಸ್ತೀನಿ. ಸೆರೆಬ್ರಲ್ ಪಾಲ್ಸಿ ಅಂದ್ರ ಹೊಟ್ಟಿಯೊಳಗಿದ್ದಾಗ, ಹೆರಿಗಿ ಹೊತ್ತಿನಾಗ, ಇಲ್ಲಾ ಹುಟ್ಟಿದ ಹೊಸದರಾಗ ಕೂಸಿನ ಮೆದುಳಿಗೆ ಆದ ಪೆಟ್ಟು. ಡೌನ್ ಸಿಂಡ್ರೋಮ್ ಅಂದ್ರ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗಿ ಬಂದಿರೋದು. ಇದರಾಗ ಗ್ರಹಣನೂ ಇಲ್ಲ, ಹಿಂದಿನ ಜನ್ಮದ ಪಾಪನೂ ಇಲ್ಲ, ಸೊಸಿ ಕಾಲಗುಣನೂ ಇಲ್ಲ.

ಇನ್ನ ಹೊಗಳಿಕಿಗೆ ಬರೋಣ. ಹನ್ನೆರಡು ವರ್ಷದ ಹುಡುಗ, ತಾನಾಗೇ ಕೂಡಲಿಕ್ಕೆ ಬರಂಗಿಲ್ಲ ಅನ್ರಿ. ಅನ್ನ ಮೆತ್ತಗ ಕಿವುಚಿ ಉಣಸಲಿಕ್ಕೆ ಒಂದು ತಾಸು. ಮೈ ತೊಳಸೋದು, ಡೈಪರ್ ಬದಲಸೋದು, ಎರಡು ಹೊತ್ತು ವ್ಯಾಯಾಮ, ರಾತ್ರಿ ಎದ್ದೆದ್ದು ಮಗ್ಗಲಾ ಹೊರಳಿಸೋದು. ಹುಡುಗನ ತೂಕ ಏರ್ತದ, ತಾಯಿ ನಡಾ ಬೀಳ್ತದ. ಆಕಿನ್ನ ದೇವರು ಅಂದುಬಿಟ್ರ ನಮ್ಮ ಕೆಲಸ ಮುಗೀತು! ದೇವರಿಗೆ ನಡಾ ನೋಯಂಗಿಲ್ಲಲ್ಲ, ನಿದ್ದಿ ಬೇಕಾಗಂಗಿಲ್ಲಲ್ಲ. ಕೈಮುಗದು ಮನಿಗೆ ಬರಬಹುದು.

ಮದುವಿ ಪತ್ರಿಕಾ ಕೊಡೋ ಮುಂದ ನೋಡ್ರಿ. ‘ಅವನ್ನ ಕರಕೊಂಡು ಬರೋದು ನಿನಗ ತ್ರಾಸ ಆಗ್ತದ ನೋಡು’ ಅಂತೀವಿ. ತ್ರಾಸ ಯಾರಿಗೆ? ಊಟದ ಹಾಲ್ ಮ್ಯಾಲಿನ ಅಂತಸ್ತಿನಾಗ ಹಿಡದವರು ನಾವು, ಫೋಟೋದಾಗ ಜೊಲ್ಲು ಕಾಣಬಾರದು ಅನ್ನೋವರೂ ನಾವು.

‘ಹಂಗಲ್ಲ, ನಮಗ ಹ್ಯಾಂಗ ಎತ್ತಬೇಕು ಗೊತ್ತಿಲ್ಲ, ತುತ್ತು ಗಂಟಲಾಗ ಸಿಕ್ಕೀತು ಅಂತ ಹೆದರಿಕಿ’ ಅಂತೀರಿ. ಹೆದರಿಕಿ ಖರೇ ಅದ, ಇರಬೇಕು ಸುದ್ದಾ. ಆದ್ರ ಆಕಿಗೂ ಹೊಟ್ಟಿಯಿಂದ ಬಂದ ವಿದ್ಯಾ ಅಲ್ಲ ಅದು, ಮಾಡಿ ಮಾಡಿ ಕಲತಾಳ. ನಾಕು ಸಲ ಆಕಿ ಬಾಜೂ ಕೂತು ನೋಡ್ರಿ, ನಿಮಗೂ ಬರ್ತದ.

ಅದೂ ಆಗಂಗಿಲ್ಲ ಅಂದ್ರ ಕಾಗದಪತ್ರದ ಓಡಾಟ ಮಾಡ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ 21 ಥರದ ಅಂಗವೈಕಲ್ಯ ಅವ. 40 ಪರ್ಸೆಂಟ್ ಇಲ್ಲಾ ಅದಕ್ಕಿಂತ ಜಾಸ್ತಿ ಇದ್ದ ಮಕ್ಕಳಿಗೆ 6ರಿಂದ 18 ವರ್ಷದ ತನಕ ಪುಕ್ಕಟೆ ಕಲಿಯೋ ಹಕ್ಕದ. ಯುಡಿಐಡಿ ಕಾರ್ಡ್ ಮಾಡಸಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 1 ಲಕ್ಷ ರೂಪಾಯಿ ತನಕ ನಿರಾಮಯ ಆರೋಗ್ಯ ವಿಮಾ ಅದ. ಇಂಥಾ ಮಕ್ಕಳಿಗೆ 18 ತುಂಬಿದ ಮ್ಯಾಲೆ ಹೆತ್ತವರೂ ತಾವಾಗೇ ಕಾಯ್ದೆದ ಪಾಲಕರಾಗಿ ಉಳಿಯಂಗಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರೋ ಸಮಿತಿಗೆ ಅರ್ಜಿ ಹಾಕಬೇಕು. ಈ ಫಾರ್ಮ್ ತುಂಬೋದು, ಝೆರಾಕ್ಸ್ ತಗಸೋದು, ಆಫೀಸಿನ್ಯಾಗ ವಿಚಾರಿಸೋದು, ಇದೆಲ್ಲಾ ತಾಯೇ ಮಾಡಬೇಕು ಅಂತ ಎಲ್ಲೂ ಬರದಿಲ್ಲ. ಅಪ್ಪ, ಕಾಕಾ, ಮಾವ ಎಲ್ಲಾರಿಗೂ ಕೈಕಾಲು ಅವ.

‘ನನ್ನ ಹಿಂದ ಇವನ್ನ ಯಾರು ನೋಡ್ತಾರ?’ ಅನ್ನೋದು ಆಕಿ ನಿದ್ದಿ ಕೆಡಿಸೋ ಪ್ರಶ್ನೆ. ನಾವು ಸಸಾರ ಮಾಡಿ ‘ತಂಗಿ ಇದ್ದಾಳಲ್ಲ’ ಅಂತೀವಿ. ಆ ತಂಗಿಗೆ ಇನ್ನೂ ಹತ್ತು ವರ್ಷ! ಸಾಲಿ ಚೀಲ ಹೊರೋ ಹುಡುಗಿ ಹೆಗಲ ಮ್ಯಾಲೆ ಇಡೀ ಮನಿತನದ ಹೊಣಿ ಹೊರಸಿ ಬರ್ತೀವಿ, ಅದಕ್ಕ ಸಮಾಧಾನ ಅಂತ ಹೆಸರಿಡ್ತೀವಿ. ತಂಗಿ ಪ್ರೀತಿಯಿಂದ ಮಾಡಿದ್ರ ಮಾಡಲಿ. ಗೊತ್ತು ಮಾಡೋವರು ನಾವ್ಯಾರು?

ಇಂದು ಎರಡು ತಾಸು ಕುಂಡ್ರದವರು ನಾಳೆ ನೋಡ್ತೀವಿ ಅಂದ್ರ ಯಾವ ತಾಯಿ ನಂಬ್ಯಾಳು? ಮುಂದಿನ ಸಲ ಅವರ ಮನಿಗೆ ಹೋದಾಗ ಹೊಗಳಬ್ಯಾಡ್ರಿ. ‘ಬುಧವಾರ ನಾಕಕ್ಕ ಬರ್ತೀನಿ, ಆರರ ತನಕ ನೀ ಎಲ್ಲರೆ ಹೋಗು, ಇಲ್ಲಾ ಮಲಕೋ’ ಅನ್ರಿ. ಅಂದ ಮ್ಯಾಲೆ ಬುಧವಾರ ಹೋಗ್ರಿ. ಅದರ ಮುಂದಿನ ಬುಧವಾರನೂ ಹೋಗ್ರಿ.